ಮಾತುಗಾರ ಎರಡು ಇದ್ದಾರಾ?

"ಮೂರು ತಿಂಗಳೊಳಗೆ ನನ್ನ ಷಡ್ಡಕನನ್ನ ಮೊದಲನೇ ಸ್ಥಾನದಿಂದ ಕೆಳಗೆ ತಳ್ಳದಿದ್ರೆ ಮೀಸೆ ಬೋಳಿಸ್ಕೊಳ್ತೀನಿ" ಎಂದು ನಾನು ಊಟದ ಮೇಜನ್ನು ಗುದ್ದಿ ಘೋಷಿಸಿದೆ. ನೀರಿನ ಲೋಟ ಉರುಳಿತು. ಹೆಂಡತಿ ಬಟ್ಟೆ ತಂದು ಮೇಜು ಒರೆಸುತ್ತಾ, "ನಿಮಗೆ ಮೀಸೆ ಎಲ್ಲಿದೆ?" ಎಂದಳು.

ಇರಲಿಲ್ಲ, ನಿಜ. ಅದನ್ನು ತೆಗೆದು ಹದಿನೈದು ವರ್ಷ ಆಗಿತ್ತು. ಆದರೆ ಭೀಷಣ ಪ್ರತಿಜ್ಞೆ ಮಾಡುವ ಗಂಡಸಿಗೆ ಇಂಥ ಸಣ್ಣಪುಟ್ಟ ವಿವರಗಳು ಅಡ್ಡ ಬರಬಾರದು!

ನಾನು ಹೊಲಿಗೆ ಮಿಷನ್ ರಿಪೇರಿ ಮಾಡುವವನು. ಮನೆಯ ಮುಂದಿನ ಕೋಣೆಯೇ ಅಂಗಡಿ. ಗಿರಾಕಿಗಳಿಗೆ ಒಂದು ಬೆಂಚು, ನನಗೊಂದು ಕುರ್ಚಿ, ಹೆಂಡತಿಗೊಂದು ಸ್ಟೂಲು, ಗೋಡೆಯ ತುಂಬ ಮೊಳೆ ಹೊಡೆದು ನೇತುಹಾಕಿದ ಬೆಲ್ಟುಗಳು. ನನ್ನ ಷಡ್ಡಕ, ಅಂದರೆ ಹೆಂಡತಿಯ ತಂಗಿಯ ಗಂಡ, ಅದೇ ಕೆಲಸವನ್ನು ಪಕ್ಕದ ಬೀದಿಯಲ್ಲಿ ಮಾಡುತ್ತಾನೆ. ಅಣ್ಣತಮ್ಮಂದಿರು ಕಿತ್ತಾಡಬೇಕಾದರೆ ಮನೆಯೋ ಜಮೀನೋ ಏನಾದರೊಂದು ಬೇಕು. ಷಡ್ಡಕರಿಗೆ ಅದರ ಅಗತ್ಯವಿಲ್ಲ. ಒಬ್ಬ ಮಾವ ಸಾಕು. ನಮ್ಮ ಮಾವನೂ ಮಿಷನ್ ರಿಪೇರಿಯವರೇ. ನಮ್ಮಿಬ್ಬರಿಗೂ ಕೆಲಸ ಕಲಿಸಿದವರು ಅವರೇ, ಹೆಣ್ಣು ಕೊಟ್ಟವರೂ ಅವರೇ. ನಾನು ಹಿರಿಯ ಅಳಿಯ. ಆದರೂ ಅವರು ಬದುಕಿದ್ದಷ್ಟು ದಿನ "ಅಳಿಯಂದಿರು ಬಂದರು" ಎಂದರೆ ಅವನು ಬಂದ ಎಂದರ್ಥ. ನಾನು ಬಂದರೆ "ಬಂದ್ಯಾ?" ಅಷ್ಟೇ.

ಅವನ ಮೇಲೆ ನನಗೆ ಯಾಕೆ ಹೊಟ್ಟೆಕಿಚ್ಚು ಎಂದು ಕೇಳುವವರು ಒಮ್ಮೆ ಅವನನ್ನು ನೋಡಬೇಕು. ವಯಸ್ಸು ನಲವತ್ತೆಂಟಾದರೂ ಕೂದಲು ಇನ್ನೂ ಕಪ್ಪು. ನಕ್ಕರೆ ಎರಡೂ ಕೆನ್ನೆಯಲ್ಲಿ ಗುಳಿ ಬೀಳುತ್ತದೆ. ಅಂಗಡಿಯ ಬೋರ್ಡಿಗೆ ಸುತ್ತ ದೀಪ ಹಾಕಿಸಿದ್ದಾನೆ. ಎಲ್ಲಕ್ಕಿಂತ ಹೆಚ್ಚಾಗಿ, ಯಾರೂ ಸರಿ ಮಾಡಲಾಗದ ಮಿಷನ್ ಅವನ ಬಳಿ ಹೋದರೂ "ನಾಳೆ ಬನ್ನಿ" ಎಂದು ನಗುತ್ತಾನೆ, ಮಾರನೇ ದಿನ ಅದು ಹೊಸ ಮದುಮಗಳ ಹಾಗೆ ಓಡಾಡುತ್ತದೆ! ನಾನು ಹದಿನೈದು ದಿನ ಬಿಚ್ಚಿ ಜೋಡಿಸಿ, ಬಿಚ್ಚಿ ಜೋಡಿಸಿ, ಕೊನೆಗೆ ಮೂರು ಸ್ಕ್ರೂ ಮಿಕ್ಕಿಸಿಕೊಂಡು ಕೈಚೆಲ್ಲಿದ ಮಿಷನ್ ಕೂಡ.

ಇಷ್ಟನ್ನು ನಾನು ಹೇಗೋ ನುಂಗಿಕೊಂಡಿದ್ದೆ. ನುಂಗಲಾಗದ್ದು ಬೇರೆ. ಫೋನಿನಲ್ಲಿ "ಹೊಲಿಗೆ ಮಿಷನ್ ರಿಪೇರಿ" ಎಂದು ಹುಡುಕಿದರೆ ಮೊಟ್ಟಮೊದಲು ಬರುವುದು ಅವನ ವೆಬ್‌ಸೈಟು. ನನಗೂ ವೆಬ್‌ಸೈಟ್ ಇತ್ತು. ಆದರೆ ನಾಲ್ಕನೇ ಪುಟದಲ್ಲಿ, ಮಕ್ಕಳ ಆಟಿಕೆ ಮಿಷನ್ ಮಾರುವವನ ಕೆಳಗೆ. ನಾಲ್ಕನೇ ಪುಟದವರೆಗೆ ಯಾರು ಹೋಗುತ್ತಾರೆ? ನಾನು ಹೋಗುತ್ತಿದ್ದೆ. ದಿನಕ್ಕೆ ಆರು ಸಲ. ನಾನಿನ್ನೂ ಇದ್ದೇನೋ ಇಲ್ಲವೋ ನೋಡಿಕೊಂಡು ಬರಲು.

ಹಾಗಿರುವಾಗ ಒಂದು ಸುದ್ದಿ ಬಂತು. ಹೆದ್ದಾರಿಯ ಆಚೆ ಇರುವ ಸಮವಸ್ತ್ರ ಹೊಲಿಯುವ ಕಾರ್ಖಾನೆಯಲ್ಲಿ ಅರವತ್ತು ಮಿಷನ್‌ಗಳಿವೆ. ಅವನ್ನು ವರ್ಷವಿಡೀ ನೋಡಿಕೊಳ್ಳಲು ಹೊಸ ಮೇಲ್ವಿಚಾರಕಿ ಒಬ್ಬ ರಿಪೇರಿಯವನನ್ನು ಹುಡುಕುತ್ತಿದ್ದಾರೆ. ಇದನ್ನು ಷಡ್ಡಕ ತನ್ನ ಹೆಂಡತಿಗೆ ಹೇಳಿದ, ಅವಳು ಅಕ್ಕನಿಗೆ ಹೇಳಿದಳು, ಅಕ್ಕ ನನಗೆ ಊಟಕ್ಕೆ ಬಡಿಸುವಾಗ ಹೇಳಿದಳು. ಆ ಮೇಲ್ವಿಚಾರಕಿ ಎಲ್ಲಿ ಹುಡುಕುತ್ತಾರೆ? ಫೋನಿನಲ್ಲಿ. ಮೊದಲು ಯಾರು ಸಿಗುತ್ತಾರೆ? ಆ ಗುಳಿಗೆನ್ನೆಯವನು! ಆಗಲೇ ನಾನು ಮೇಜು ಗುದ್ದಿದ್ದು, ಇಲ್ಲದ ಮೀಸೆಯನ್ನು ಪಣಕ್ಕಿಟ್ಟಿದ್ದು.

ಮಾರನೇ ದಿನ ಬೆಳಿಗ್ಗೆಯೇ ಎದುರು ಸಾಲಿನ ಜೆರಾಕ್ಸ್ ಅಂಗಡಿಗೆ ಹೋದೆ. ಅಂಗಡಿಯಾಕೆ ಜೆರಾಕ್ಸ್ ಜೊತೆಗೆ ವೆಬ್‌ಸೈಟನ್ನೂ ಮಾಡಿಕೊಡುತ್ತಾರೆ. ನನ್ನದನ್ನೂ ಮಾಡಿದವರು ಅವರೇ, ಅವನದ್ದನ್ನೂ ಮಾಡಿದವರು ಅವರೇ. ಮಾತು ಕಡಿಮೆ, ಕೊಟ್ಟ ಕಾಗದಕ್ಕೆ ತಕ್ಕಷ್ಟೇ ಪ್ರತಿ ತೆಗೆಯುವ ಹಾಗೆ ಕೇಳಿದ ಪ್ರಶ್ನೆಗೆ ತಕ್ಕಷ್ಟೇ ಉತ್ತರ.

ಅವನಿಗೆ ಹತ್ತು ವಿಡಿಯೋ, ನನಗೆ ನಲವತ್ತು. ಆದರೂ ಅವನು ಮೇಲೆ, ನಾನು ಪಾತಾಳದಲ್ಲಿ, ಇದು ಯಾವ ನ್ಯಾಯ ಎಂದು ಕೇಳಿದೆ.

"ನಿಮ್ಮ ವಿಡಿಯೋನ ಆ ಹುಡುಕಿಕೊಡೋ ಯಂತ್ರ ನೋಡಿ ಚಪ್ಪಾಳೆ ಹೊಡೆಯಲ್ಲ ಸಾರ್. ಅದು ಮುಖ್ಯವಾಗಿ ಓದೋದು ಬರೆದಿದ್ದನ್ನ. ನಿಮ್ಮ ಪುಟದಲ್ಲಿ ಓದೋಕೆ ಏನಿದೆ? 'ಸುಸ್ವಾಗತ' ಅಂತ ಒಂದೇ ಪದ."

ಷಡ್ಡಕನ ಪುಟದಲ್ಲಿ ಪ್ರತಿ ವಿಡಿಯೋದ ಕೆಳಗೂ ಅದರಲ್ಲಿ ಆಡಿದ ಮಾತನ್ನೆಲ್ಲ ಬರಹದಲ್ಲಿ ಹಾಕಿದ್ದಾರಂತೆ. ಜನ ತಮ್ಮ ಕಷ್ಟವನ್ನು ತಮಗೆ ತೋಚಿದ ಮಾತಿನಲ್ಲಿ ಫೋನಿಗೆ ಹೇಳುತ್ತಾರೆ; ಅದೇ ಮಾತು ಯಾರ ಪುಟದಲ್ಲಿ ಬರೆದಿದೆಯೋ ಆ ಪುಟ ಮುಂದೆ ಬರುತ್ತದಂತೆ. ವಿಡಿಯೋದ ಮಾತನ್ನು ಕೇಳಿಸಿಕೊಂಡು ತಾನೇ ಬರೆದುಕೊಡುವ ಸಾಫ್ಟ್‌ವೇರ್ ಇದೆ, ಬರೆದದ್ದನ್ನು ನಾನು ಓದಿ ತಿದ್ದಿ ತಂದರೆ ಆಯಿತು ಎಂದರು.

"ಆದ್ರೆ ಒಂದೊಂದನ್ನೂ ಕೂತು ಓದ್ಬೇಕು. ಅದಕ್ಕೆ ಕಿವಿ ಇದೆ, ಬುದ್ಧಿ ಇಲ್ಲ."

ಅಂಥವರು ನಮ್ಮ ಬಂಧುಬಳಗದಲ್ಲೂ ಇದ್ದಾರೆ ಎಂದು ಹೇಳಿ ಮನೆಗೆ ಬಂದೆ.

ನನ್ನ ವಿಡಿಯೋಗಳ ಬಗ್ಗೆ ಇಲ್ಲಿ ಎರಡು ಮಾತು ಹೇಳಲೇಬೇಕು. ನಾನು ಕುರ್ಚಿಯಲ್ಲಿ ಮಿಷನ್ ಮುಂದೆ ಕೂರುತ್ತಿದ್ದೆ. ಹೆಂಡತಿ ಎದುರಿನ ಸ್ಟೂಲಿನಲ್ಲಿ ಫೋನ್ ಹಿಡಿದು ಕೂರುತ್ತಿದ್ದಳು. "ಮಾನ್ಯ ವೀಕ್ಷಕ ಮಹಾಶಯರೇ, ಊರ್ಧ್ವ ದಾರವೂ ಅಧೋ ದಾರವೂ ಪರಸ್ಪರ ಸಾಮರಸ್ಯವನ್ನು ಕಳೆದುಕೊಂಡಾಗ ಸೀವನಕಾರ್ಯದಲ್ಲಿ ಒದಗುವ ವಿಘ್ನವನ್ನು ಕುರಿತು" ಎಂದು ನಾನು ಆರಂಭಿಸುತ್ತಿದ್ದೆ. ಘನವಾದ ವಿಷಯಕ್ಕೆ ಘನವಾದ ಭಾಷೆ ಬೇಕಲ್ಲವೇ! ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಫೋನಿನ ಹಿಂದಿನಿಂದ ಹೆಂಡತಿಯ ದನಿ ಬರುತ್ತಿತ್ತು: ಕೆಳಗಡೆ ದಾರ ಗಂಟಾಗುತ್ತೆ ಅಂತ ಹೇಳಿ ಸಾಕು. ನಾನು ಕ್ಯಾಮೆರಾ ಕಡೆಗೇ ಕಣ್ಣು ಕೆಕ್ಕರಿಸಿ ಮುಂದುವರಿಸುತ್ತಿದ್ದೆ.

ಸಾಫ್ಟ್‌ವೇರಿಗೆ ನಲವತ್ತು ವಿಡಿಯೋಗಳನ್ನೂ ಉಣ್ಣಿಸಿದೆ. ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಅದು ನೂರಾರು ಪುಟ ಬರೆದಿಟ್ಟಿತ್ತು. ಮೊದಲ ಪುಟದ ಮೊದಲ ಸಾಲು ಓದಿದೆ. "ಮಾನ್ಯ ವೀಕ್ಷಕ ಮಹಾಶಯರೇ." ಒಂದಕ್ಷರ ತಪ್ಪಿಲ್ಲ! ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಲದೇ? ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಜೆರಾಕ್ಸ್ ಅಂಗಡಿಯಾಕೆಗೆ ಕೊಟ್ಟೆ. ಎಲ್ಲ ಓದಿದ್ರಾ ಎಂದು ಕೇಳಿದರು. ಓದಿದೆ ಎಂದೆ. ನಲವತ್ತನ್ನೂ ಓದಿದ್ರಾ ಎಂದು ಮತ್ತೆ ಕೇಳಿದರು. ಮುಖದ ಮೇಲೆ ಒಂದು ಗೆರೆಯೂ ಅಲ್ಲಾಡದಂತೆ, ಕೆಲವನ್ನು ಎರಡೆರಡು ಸಲ ಓದಿದೆ ಎಂದೆ.

ಎರಡು ವಾರಕ್ಕೆ ನಾನು ಮೂರನೇ ಪುಟಕ್ಕೆ ಬಂದೆ. ನಾಲ್ಕು ವಾರಕ್ಕೆ ಎರಡನೇ ಪುಟ. ಹೆಂಡತಿ ಎಬ್ಬಿಸದೆಯೇ ನಾನು ಬೆಳಿಗ್ಗೆ ಏಳತೊಡಗಿದ್ದು ಮದುವೆಯಾದ ಮೇಲೆ ಅದೇ ಮೊದಲು. ಎಂಟನೇ ವಾರದ ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ಫೋನ್ ನೋಡಿದರೆ, ಮೊದಲ ಪುಟದ ಮೊದಲ ಸಾಲಿನಲ್ಲಿ ನಾನು! ನನ್ನ ಕಾಲ ಕೆಳಗೆ, ಎರಡನೇ ಸ್ಥಾನದಲ್ಲಿ, ಗುಳಿಗೆನ್ನೆ! ಬಾಯಿ ತುಂಬ ನೊರೆ ಇಟ್ಟುಕೊಂಡೇ ಅಡುಗೆಮನೆಗೆ ಓಡಿ ಹೆಂಡತಿಯ ಮುಖದ ಮುಂದೆ ಫೋನ್ ಹಿಡಿದೆ. ಒಳ್ಳೆಯದಾಯಿತು, ಬಾಯಿ ತೊಳೆದುಕೊಳ್ಳಿ ಎಂದಳು.

ಅವತ್ತು ಷಡ್ಡಕನ ಬೀದಿಯಲ್ಲಿ ನನಗೇನೂ ಕೆಲಸವಿರಲಿಲ್ಲ. ಆದರೂ ಮೂರು ಸಲ ಹಾದುಹೋದೆ. ಮೂರನೇ ಸಲ ಅವನು ಹೊರಗೆ ಬಂದು, ಗುಳಿ ಬೀಳಿಸಿ ನಕ್ಕು, ಚಹಾ ಕುಡಿಯಲು ಕರೆದ. ಮೊದಲ ಪುಟದವರಿಗೆ ಅಷ್ಟೆಲ್ಲ ಪುರುಸೊತ್ತು ಎಲ್ಲಿಂದ ಬರಬೇಕು? ಇನ್ನೊಮ್ಮೆ ನೋಡೋಣ ಎಂದು ಕೈಬೀಸಿ ಬಂದೆ.

ಮನೆಗೆ ಬಂದು ಕುರ್ಚಿಯಲ್ಲಿ ಕೂರುವುದಕ್ಕೂ ಫೋನ್ ಬರುವುದಕ್ಕೂ ಸರಿಹೋಯಿತು. ಒಬ್ಬ ಹೆಂಗಸಿನ ದನಿ.

"ಮಾತುಗಾರ ಎರಡು ಇದ್ದಾರಾ?"

ರಾಂಗ್ ನಂಬರ್ ಎಂದು ಇಟ್ಟೆ. ಹತ್ತು ನಿಮಿಷಕ್ಕೆ ಇನ್ನೊಂದು ಕರೆ. ಈ ಸಲ ವಯಸ್ಸಾದ ದರ್ಜಿಯೊಬ್ಬರು.

"ನೀವು ಮಾತುಗಾರ ಒಂದಾ?"

ಏನೆಂದು ಅರ್ಥವಾಗದಿದ್ದರೂ ಒಂದು ಎಂದಮೇಲೆ ಎರಡಕ್ಕಿಂತ ಮೇಲೆಯೇ ಇರಬೇಕು. ಹೊಸ ಸ್ಥಾನಕ್ಕೆ ತಕ್ಕ ಗಾಂಭೀರ್ಯದಿಂದ ಹೌದು ಎಂದೆ.

"ಹಾಗಾದ್ರೆ ಸ್ವಲ್ಪ ಎರಡಕ್ಕೆ ಕೊಡಿ ಸಾರ್."

ಕೊನೆಗೆ ಅವರೇ ಬಿಡಿಸಿ ಹೇಳಿದರು. ವೆಬ್‌ಸೈಟಿನಲ್ಲಿ ವಿಡಿಯೋದ ಕೆಳಗೆ ಮಾತೆಲ್ಲ ಬರೆದಿದೆ. ಯಾರು ಆಡಿದ್ದು ಎಂದು ಗೊತ್ತಾಗಲು ಮಾತುಗಾರ ೧, ಮಾತುಗಾರ ೨ ಎಂದು ಹಾಕಿದೆ. ಅವರ ಮಿಷನ್ ದಾರ ಕಡಿಯುತ್ತಿತ್ತು, ಮಾತುಗಾರ ಎರಡು ಹೇಳಿದ ಹಾಗೆ ಮಾಡಿದ್ದಕ್ಕೆ ಸರಿಹೋಯಿತು. ಈಗ ಇನ್ನೊಂದು ತೊಂದರೆ, ಅದನ್ನೂ ಅವರನ್ನೇ ಕೇಳಬೇಕು. ಮಾತುಗಾರ ಒಂದು ಹೇಳಿದ್ದನ್ನು ಮಾಡಿ ನೋಡಿದಿರಾ ಎಂದು ಕೇಳಿದೆ. ಮೂರು ಪುಟ ಓದಿದರೂ ಅವರು ಏನು ಹೇಳುತ್ತಾರೆಂದು ತಿಳಿಯಲಿಲ್ಲ ಎಂದರು.

ಎರಡನೇ ಮಾತುಗಾರ ಯಾರೆಂದು ನನಗೆ ಆಗ ಹೊಳೆಯಿತು. ಅವಳು ಸ್ಟೂಲಿನಲ್ಲಿ ಕೂತು ಹಳೇ ಬೆಲ್ಟಿನ ಧೂಳು ಒರೆಸುತ್ತಿದ್ದಳು. ಫೋನ್ ಕೊಟ್ಟೆ. ಮಿಷನ್ ಓಡುವಾಗ ಟಕ್ ಟಕ್ ಅನ್ನುತ್ತಾ, ಕರಕರ ಅನ್ನುತ್ತಾ ಎಂದು ಕೇಳಿದಳು. ಆ ಕಡೆಯಿಂದ ಏನೋ ಉತ್ತರ ಬಂತು. ಸೂಜಿ ತಿರುಗಾಮುರುಗಾ ಹಾಕಿದ್ದೀರ, ಚಪ್ಪಟೆ ಇರೋ ಕಡೆ ಸರಿಯಾಗಿ ನೋಡಿ ಹಾಕಿ ಎಂದು ಫೋನ್ ಇಟ್ಟಳು. ಅರ್ಧ ನಿಮಿಷ! ಅದೇ ವಿಷಯಕ್ಕೆ ನಾನು "ಸೂಚೀವಿನ್ಯಾಸ" ಎಂಬ ಇಪ್ಪತ್ತೆರಡು ನಿಮಿಷದ ವಿಡಿಯೋ ಮಾಡಿದ್ದೆ.

ಮುಂದಿನ ವಾರ ಬೆಂಚು ತುಂಬಿತು. ಬಂದವರು ಮಿಷನ್ನನ್ನು ನನ್ನ ಕೈಗೆ ಕೊಡುತ್ತಿದ್ದರು, ಕಣ್ಣನ್ನು ಮಾತ್ರ ನನ್ನ ಹೆಗಲ ಮೇಲಿನಿಂದ ಹಾಯಿಸಿ ಸ್ಟೂಲಿನ ಕಡೆ ಬಿಡುತ್ತಿದ್ದರು. ಜೆರಾಕ್ಸ್ ಅಂಗಡಿಯಾಕೆ ಯಾವ ಮಾತನ್ನು ಹುಡುಕಿಕೊಂಡು ಜನ ನಮ್ಮ ಪುಟಕ್ಕೆ ಬರುತ್ತಿದ್ದಾರೆಂದು ಒಂದು ಪಟ್ಟಿ ತೆಗೆದುಕೊಟ್ಟರು. "ದಾರ ಕಿತ್ತೋಗ್ತಿದೆ." "ಕೆಳಗಡೆ ದಾರ ಗಂಟಾಗುತ್ತೆ." "ಮಿಷನ್ ಕರಕರ ಅಂತಿದೆ." ಎಲ್ಲವೂ ಫೋನಿನ ಹಿಂದಿನಿಂದ ಬಂದ ಮಾತುಗಳು! ಊರ್ಧ್ವ ದಾರವನ್ನು ಹುಡುಕಿಕೊಂಡು ಈ ಲೋಕದಲ್ಲಿ ಒಬ್ಬನೂ ಬಂದಿರಲಿಲ್ಲ. ನನ್ನನ್ನು ಮೇಲಕ್ಕೆ ಎತ್ತಿ ಕೂರಿಸಿದ್ದು ಅವಳ ಅಡ್ಡಮಾತು.

ಓದುಗರೇ, ನಾಚಿಕೆ ಬಿಟ್ಟು ಹೇಳುತ್ತೇನೆ. ಪಕ್ಕದ ಬೀದಿಯಲ್ಲಿದ್ದ ನನ್ನ ಹೊಟ್ಟೆಕಿಚ್ಚು ಆ ವಾರ ಗಂಟುಮೂಟೆ ಕಟ್ಟಿಕೊಂಡು ನಮ್ಮ ಮನೆಗೇ ಬಂದು ಇಳಿಯಿತು. ಅವಳಿಗೆ ಎಷ್ಟು ಕರೆ ಬಂತು, ನನಗೆಷ್ಟು ಎಂದು ಎಣಿಸತೊಡಗಿದೆ. ಎಣಿಸುವುದು ಸುಲಭವಾಗಿತ್ತು, ನನ್ನ ಪಾಲಿಗೆ ಸೊನ್ನೆ. ನಾಲ್ಕನೇ ದಿನ ಫೋನನ್ನು ನನ್ನ ಅಂಗಿಯ ಜೇಬಿಗೆ ಹಾಕಿಕೊಂಡೆ. ಮಾತುಗಾರ ಎರಡನ್ನು ಯಾರೇ ಕೇಳಿದರೂ ಸ್ನಾನಕ್ಕೆ ಹೋಗಿದ್ದಾರೆ ಎಂದು ಹೇಳಿದೆ. ಸಂಜೆ ಹೊತ್ತಿಗೆ ಒಬ್ಬಾಕೆ ಮೂರನೇ ಸಲ ಫೋನ್ ಮಾಡಿ, ಅವರಿಗೆ ಚರ್ಮದ ಕಾಯಿಲೆ ಏನಾದರೂ ಇದೆಯಾ ಎಂದು ಕನಿಕರದಿಂದ ಕೇಳಿದರು.

ಅವತ್ತು ಹೆಂಡತಿ ಅಂಗಡಿ ಸಾಮಾನು ತರಲು ಹೋದಾಗ ನಾನು ಬಾಗಿಲು ಹಾಕಿಕೊಂಡು, ಅವಳು ಅಂಥದ್ದೇನು ಹೇಳಿದ್ದಾಳೆ ನೋಡೇಬಿಡೋಣ ಎಂದು ವೆಬ್‌ಸೈಟನ್ನು ಓದಲು ಕುಳಿತೆ. ಎರಡು ತಿಂಗಳ ಹಿಂದೆ "ಎರಡೆರಡು ಸಲ" ಓದಿದ್ದನ್ನು ಮೊದಲ ಬಾರಿಗೆ ಓದಿದೆ.

ಹದಿನೇಳನೇ ವಿಡಿಯೋದ ಬರಹವನ್ನು ಮಾತ್ರ ನಿಜವಾಗಿಯೂ ಎರಡು ಸಲ ಓದಿದೆ. ಶಟಲ್ ಎಂದರೆ ಮಿಷನ್ನಿನ ಹೊಟ್ಟೆಯೊಳಗೆ ತಿರುಗುವ ಒಂದು ಉಕ್ಕಿನ ತುಂಡು; ಮೇಲಿನ ದಾರಕ್ಕೆ ಕೆಳಗಿನ ದಾರವನ್ನು ಸಿಕ್ಕಿಸುವುದು ಅದರ ಕೆಲಸ. ಅದನ್ನು ಬಿಚ್ಚಿ ತೊಳೆಯುವ ಬಗೆಯನ್ನು ನಾನು ವಿವರಿಸಿದ್ದೆ. ಸಾಫ್ಟ್‌ವೇರಿಗೆ ಅದು ಶಟಲ್ ಎಂದು ಕೇಳಿಸಿರಲಿಲ್ಲ. ನಾನು ವಿಡಿಯೋದ ನಡುನಡುವೆ ಉಸಿರಿಗೊಮ್ಮೆ ಷಡ್ಡಕ, ಷಡ್ಡಕ ಎಂದು ಗೊಣಗಿದ್ದನ್ನು ಕೇಳಿ ಕೇಳಿ, ಆ ಬಡಪಾಯಿಗೆ ಎಲ್ಲವೂ ಅದೇ ಆಗಿಬಿಟ್ಟಿತ್ತು.

"ಮಾತುಗಾರ ೧: ಮೊದಲು ಷಡ್ಡಕನನ್ನು ಮೆಲ್ಲಗೆ ಹೊರಗೆ ಎಳೆಯಿರಿ. ಸುತ್ತ ಮೆತ್ತಿರುವ ಕೊಳೆಯನ್ನು ಹಳೇ ಬ್ರಷ್ಷಿನಿಂದ ಗಸಗಸ ತಿಕ್ಕಿ. ಷಡ್ಡಕ ತುಕ್ಕು ಹಿಡಿದಿದ್ದರೆ ಸೀಮೆಎಣ್ಣೆಯಲ್ಲಿ ಒಂದು ದಿನ ಪೂರ್ತಿ ಮುಳುಗಿಸಿಡಿ. ಆಮೇಲೂ ಸರಿಯಾಗಿ ತಿರುಗದಿದ್ದರೆ ಅಂಥ ಷಡ್ಡಕನನ್ನು ಇಟ್ಟುಕೊಂಡು ಪ್ರಯೋಜನವಿಲ್ಲ. ಎಸೆದು ಹೊಸದನ್ನು ತನ್ನಿ."

"ಮಾತುಗಾರ ೨: ಎಸೀಬೇಡಿ. ಮೂತಿ ಸ್ವಲ್ಪ ಉಜ್ಜಿದ್ರೆ ಸರಿಹೋಗುತ್ತೆ."

ಇದನ್ನಾದರೂ ಕಿವಿಯ ತಪ್ಪು ಎನ್ನಬಹುದು. ಇಪ್ಪತ್ತೊಂಬತ್ತನೇ ವಿಡಿಯೋದ ಕೊನೆಯಲ್ಲಿ ಫೋನ್ ಆಫ್ ಆಗಿದೆ ಎಂದುಕೊಂಡು ನಾನು ಮನಸ್ಸು ಬಿಚ್ಚಿದ್ದೆ. ಅಲ್ಲಿ ಸಾಫ್ಟ್‌ವೇರ್ ಒಂದೇ ಒಂದು ಅಕ್ಷರವನ್ನೂ ತಪ್ಪು ಕೇಳಿಸಿಕೊಂಡಿರಲಿಲ್ಲ.

"ಮಾತುಗಾರ ೧: ಆ ಷಡ್ಡಕನ ಅಂಗಡಿಗೆ ಬೀಗ ಬಿದ್ದ ದಿನ ಬೀದಿಗೆಲ್ಲ ಸಿಹಿ ಹಂಚ್ತೀನಿ ನೋಡು."

"ಮಾತುಗಾರ ೨: ಮೊದಲು ಎಣ್ಣೆ ಡಬ್ಬಿ ಮುಚ್ಚಿ. ಚೆಲ್ಲುತ್ತೆ."

ಚಪ್ಪಲಿ ಮೆಟ್ಟಿಕೊಳ್ಳದೆ ಜೆರಾಕ್ಸ್ ಅಂಗಡಿಗೆ ಓಡಿದೆ. ಬಾಗಿಲು ಹಾಕಿತ್ತು. ನಾಳೆ ಮಧ್ಯಾಹ್ನ ತೆರೆಯುತ್ತದೆ ಎಂದು ಚೀಟಿ ಅಂಟಿಸಿದ್ದರು, ಅದೂ ಜೆರಾಕ್ಸ್ ಪ್ರತಿ. ಮೊದಲ ಪುಟದಲ್ಲಿ, ಜಗತ್ತಿನ ಕಣ್ಣೆದುರಿಗೆ, ನನ್ನ ಹೊಟ್ಟೆಯನ್ನು ಸೀಳಿ ಒಳಗಿರುವುದನ್ನೆಲ್ಲ ಹಗ್ಗದ ಮೇಲೆ ಒಣಗಲು ಹಾಕಿದ ಹಾಗಿತ್ತು. ಮೇಲೆ ಹೋಗಬೇಕೆಂದು ಹಪಹಪಿಸಿದವನು ಆ ಸಂಜೆಯೆಲ್ಲ, ದೇವರೇ, ನನ್ನನ್ನು ಮತ್ತೆ ನಾಲ್ಕನೇ ಪುಟಕ್ಕೆ ಹಾಕು ಎಂದು ಬೇಡಿಕೊಂಡೆ.

ದೇವರಿಗೆ ಬಿಡುವಿರಲಿಲ್ಲ. ಮಾರನೇ ದಿನ ಬೆಳಿಗ್ಗೆ ಒಂಬತ್ತಕ್ಕೆ ಷಡ್ಡಕ ಬಂದ. ಕೈಯಲ್ಲಿ ಮಡಚಿದ ಕಾಗದಗಳ ಒಂದು ಕಟ್ಟು. ನಗು ಇರಲಿಲ್ಲ, ಗುಳಿಯೂ ಇರಲಿಲ್ಲ. ಗಿರಾಕಿಗಳ ಬೆಂಚಿನ ಮೇಲೆ ಕೂತ. ಹೆಂಡತಿ ಒಂದು ಮಿಷನ್ನಿನ ತಳ ಬಿಚ್ಚುತ್ತಿದ್ದವಳು ತಲೆಯೆತ್ತಿ, ಚಹಾ ಕುಡಿಯುತ್ತೀಯಾ ಎಂದು ಕೇಳಿದಳು. ಬೇಡ ಅಕ್ಕ ಎಂದ. ಅವನು ಬೇಡ ಎಂದದ್ದನ್ನು ನಾನು ಕಂಡದ್ದು ಅದೇ ಮೊದಲು.

ಅವನು ಬಾಯಿ ತೆರೆಯುವ ಮೊದಲೇ ನಾನು ಶುರು ಮಾಡಿದೆ. ಸಾಫ್ಟ್‌ವೇರಿಗೆ ಕಿವಿ ಮಂದ, ನಾನು ಹೇಳಿದ್ದು ಶಟಲ್, ಅದು ಬರೆದದ್ದು ಬೇರೆ, ಯಂತ್ರದ ತಪ್ಪಿಗೆ ಮನುಷ್ಯನನ್ನು ದೂರುವುದು ತರವಲ್ಲ ಎಂದು ಊರ್ಧ್ವ ದಾರದ ಭಾಷೆಯಲ್ಲೇ ವಿವರಿಸಿದೆ. ಅವನು ಎಲ್ಲವನ್ನೂ ಕೇಳಿಸಿಕೊಂಡು, ಒಂದು ಹಾಳೆ ತೆಗೆದು, ಗೆರೆ ಎಳೆದಿದ್ದ ಸಾಲಿನ ಮೇಲೆ ಬೆರಳಿಟ್ಟ.

"ಶಟಲ್‌ಗೆ ಅಂಗಡಿ ಇರುತ್ತಾ ಅಣ್ಣಾ?"

ಗೋಡೆಯ ಬೆಲ್ಟುಗಳನ್ನು ನೋಡಿದೆ. ಹೆಂಡತಿಯ ಸ್ಕ್ರೂಡ್ರೈವರ್ ತಿರುಗುವುದು ನಿಂತಿತ್ತು.

"ತಪ್ಪಾಯ್ತಪ್ಪ" ಎಂದೆ. "ನಾನು ಹಾಗಂದಿದ್ದು ನಿಜ. ನಿನ್ನ ಕಂಡ್ರೆ ನಂಗೆ ಹೊಟ್ಟೆ ಉರಿಯುತ್ತೆ. ನೀನು ಏನು ಮುಟ್ಟಿದ್ರೂ ಓಡುತ್ತೆ. ನಾನು ಮುಟ್ಟಿದ್ದು ನಿಲ್ಲುತ್ತೆ."

ಅವನು ಹಾಳೆಯನ್ನು ಮಡಚಿದ. ನನ್ನನ್ನು ಬಿಟ್ಟು ಹೆಂಡತಿಯ ಕಡೆ ತಿರುಗಿದ.

"ನಂಗೆ ಬೇಜಾರಾಗಿದ್ದು ಅದಕ್ಕಲ್ಲ ಅಕ್ಕ. ನೀವು ನನಗೊಬ್ಬನಿಗೇ ಹೇಳಿಕೊಡ್ತೀರ ಅಂದ್ಕೊಂಡಿದ್ದೆ. ಈಗ ನೋಡಿದ್ರೆ ಊರಿಗೆಲ್ಲ ಹೇಳಿಕೊಟ್ಟಿದ್ದೀರ. ಓದಿ ಓದಿ ಹೊಟ್ಟೆ ಉರೀತು."

ಹೇಳಿಕೊಡುವುದೇ? ಏನನ್ನು? ನಾನು ಅವನ ಮುಖ ನೋಡಿದೆ, ಅವಳ ಮುಖ ನೋಡಿದೆ. ಆಮೇಲೆ ಒಂದೊಂದಾಗಿ ಹೊರಗೆ ಬಂತು. ಅವನ ಕೈಗೆ ಹತ್ತದ ಮಿಷನ್ ಬಂದ ದಿನ "ನಾಳೆ ಬನ್ನಿ" ಎಂದು ಗಿರಾಕಿಯನ್ನು ಕಳಿಸಿ, ಸಂಜೆ ಅವಳಿಗೆ ಫೋನ್ ಮಾಡುತ್ತಿದ್ದ. ಫೋನನ್ನು ಮಿಷನ್ ಹತ್ತಿರ ಹಿಡಿದು ಸದ್ದು ಕೇಳಿಸುತ್ತಿದ್ದ. ಅವಳು ಸದ್ದು ಕೇಳಿಯೇ ರೋಗ ಹೇಳುತ್ತಿದ್ದಳು. ಹನ್ನೊಂದು ವರ್ಷದಿಂದ! ಅಕ್ಕತಂಗಿಯರು ಹರಟೆ ಹೊಡೆಯುತ್ತಿದ್ದಾರೆ ಎಂದುಕೊಂಡು ನಾನು ಟೀವಿಯ ಸದ್ದು ಜೋರು ಮಾಡಿಕೊಂಡು ಕೂರುತ್ತಿದ್ದೆ. ಮಾವ ಕೆಲಸ ಕಲಿಸುವಾಗ ನಾವಿಬ್ಬರೂ ಅವರ ಬಲಗಡೆ ಎಡಗಡೆ ಕೂತಿದ್ದೆವು. ಅವಳು ನಮಗಿಂತ ಹತ್ತು ವರ್ಷ ಮೊದಲೇ, ಕಾಲು ನೆಲಕ್ಕೆ ಎಟುಕದ ವಯಸ್ಸಿನಿಂದಲೇ, ಅವರ ತೊಡೆಯ ಮೇಲೆ ಕೂತು ಕಲಿತಿದ್ದಳು. ಅದನ್ನು ಯಾರೂ ಕಲಿಕೆ ಎಂದು ಕರೆದಿರಲಿಲ್ಲ, ಅಷ್ಟೇ.

ಅವನ ದೀಪದ ಬೋರ್ಡು, ಅವನ ಹೆಸರು, ಅವನ "ನಾಳೆ ಬನ್ನಿ", ಎಲ್ಲದರ ಹಿಂದೆ ನನ್ನ ಮನೆಯ ಸ್ಟೂಲು! ಇಷ್ಟು ವರ್ಷ ಪಕ್ಕದ ಬೀದಿಯ ಬೆಳಕು ನೋಡಿ ಕರುಬಿದ್ದೆ. ಎಣ್ಣೆ ಹೋಗುತ್ತಿದ್ದದ್ದು ನಮ್ಮ ಮನೆಯಿಂದ.

"ನಂಗೆ ಯಾಕೆ ಹೇಳಲಿಲ್ಲ?" ಎಂದು ಕೇಳಿದೆ.

"ನೀವು ಕೇಳಲಿಲ್ಲ" ಎಂದಳು. ಸಿಟ್ಟಿನಿಂದಲ್ಲ, ಸ್ಕ್ರೂ ಎಲ್ಲಿದೆ ಎಂದು ಹೇಳುವ ಹಾಗೆ. "ಅವನು ಕೇಳಿದ. ನೀವು ಕೇಳದೇ ಇದ್ರೂ ನಿಮಗೆ ಹೇಳ್ತಾನೇ ಇದ್ದೆ. ನೀವು ಕಣ್ಣು ಬಿಡ್ತಿದ್ರಿ."

ಹೌದು, ಬಿಡುತ್ತಿದ್ದೆ. ನಲವತ್ತು ವಿಡಿಯೋಗಳಲ್ಲೂ ಸಾಕ್ಷಿಯಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಾಕೆ ಬಂದು ನಿಂತರು. ಎತ್ತರದ ಹೆಂಗಸು, ಕತ್ತಿನಲ್ಲಿ ಅಳತೆ ಟೇಪು, ಕೈಯಲ್ಲಿ ಅವರದ್ದೂ ಒಂದು ಕಾಗದದ ಕಟ್ಟು. ಸಮವಸ್ತ್ರ ಕಾರ್ಖಾನೆಯ ಮೇಲ್ವಿಚಾರಕಿ! ನಿನ್ನೆ ಮೂರು ಸಲ ಫೋನ್ ಮಾಡಿದೆ, ಮೂರು ಸಲವೂ ಸ್ನಾನಕ್ಕೆ ಹೋಗಿದ್ದಾರೆ ಎಂದರು, ಅದಕ್ಕೇ ಖುದ್ದಾಗಿ ಬಂದೆ ಎಂದರು. ಹೆಂಡತಿ ನನ್ನ ಅಂಗಿಯ ಜೇಬನ್ನೊಮ್ಮೆ ನೋಡಿದಳು.

"ಇಲ್ಲಿ ಮಾತುಗಾರ ಎರಡು ಯಾರು?"

ನಾನೂ ಷಡ್ಡಕನೂ ಒಟ್ಟಿಗೆ ಕೈ ತೋರಿಸಿದೆವು. ಇಪ್ಪತ್ತು ವರ್ಷದಲ್ಲಿ ನಾವಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅದೇ ಮೊದಲು.

ಮೇಲ್ವಿಚಾರಕಿ ಬೆಂಚಿನ ತುದಿಯಲ್ಲಿ ಕೂತು ಕಷ್ಟ ಹೇಳಿಕೊಂಡರು. ಒಂದೇ ಸಾಲಿನ ಹನ್ನೆರಡು ಮಿಷನ್‌ಗಳು ಹೊಲಿಗೆ ತಪ್ಪಿಸುತ್ತಿವೆ, ಮೂವರು ಬಂದು ನೋಡಿ ಹೋದರು, ಮೂವರೂ ಎಲ್ಲಾ ಮಿಷನ್ ಬದಲಿಸಿ ಎಂದರು. ಹೆಂಡತಿ ಎರಡು ಪ್ರಶ್ನೆ ಕೇಳಿದಳು. ಆ ಹನ್ನೆರಡಕ್ಕೂ ಸೂಜಿ ಒಂದೇ ಪೊಟ್ಟಣದಿಂದ ಬಂದದ್ದೇ? ಹೌದಂತೆ. ಬೇರೆ ಪೊಟ್ಟಣದ ಸೂಜಿ ಹಾಕಿ ನೋಡಿದ್ದೀರಾ? ಇಲ್ಲವಂತೆ. ಮೇಲ್ವಿಚಾರಕಿ ಅಲ್ಲಿಂದಲೇ ಕಾರ್ಖಾನೆಗೆ ಫೋನ್ ಮಾಡಿ ಸೂಜಿ ಬದಲಿಸಲು ಹೇಳಿದರು. ನಾವು ನಾಲ್ವರೂ ಆ ಫೋನಿನ ಕಡೆ ಬಗ್ಗಿ ಕೂತೆವು. ಐದು ನಿಮಿಷದ ಮೇಲೆ ಆ ಕಡೆಯಿಂದ ಮಿಷನ್ ಓಡುವ ಸದ್ದು ಕೇಳಿಸಿತು. ಹೆಂಡತಿ ಕಿವಿಗೊಟ್ಟು ಕೇಳಿ, ಸರಿಹೋಯಿತು ಎಂದಳು. ಹತ್ತು ನಿಮಿಷದಲ್ಲಿ ಅರವತ್ತು ಮಿಷನ್‌ಗಳ ಕೆಲಸ ಕೈಗೆ ಬಂತು.

ಒಬ್ಬರಿಂದ ಆಗುವುದಿಲ್ಲ, ವಾರಕ್ಕೆ ಎರಡು ದಿನ ಇವರಿಬ್ಬರನ್ನೂ ಜೊತೆಗೆ ಕರೆದುಕೊಂಡು ಬರುತ್ತೇನೆ ಎಂದು ಹೆಂಡತಿ ಹೇಳಿದಳು. ಮೇಲ್ವಿಚಾರಕಿ ನನ್ನನ್ನೂ ಷಡ್ಡಕನನ್ನೂ ಅಡಿಯಿಂದ ಮುಡಿಯವರೆಗೆ ಅಳೆದರು.

"ಇವರಿಗೆ ಕೆಲಸ ಬರುತ್ತಾ?"

"ಹೇಳಿಕೊಟ್ರೆ ಕಲೀತಾರೆ."

ಮಧ್ಯಾಹ್ನ ಜೆರಾಕ್ಸ್ ಅಂಗಡಿ ತೆರೆದಾಗ ನಾನೇ ಹೋಗಿ, ಓದದೆಯೇ ತಂದುಕೊಟ್ಟಿದ್ದೆ ಎಂದು ನಿಜ ಒಪ್ಪಿಕೊಂಡೆ. ಗೊತ್ತಿತ್ತು ಎಂದರು. ಗೊತ್ತಿದ್ದೂ ಯಾಕೆ ಹಾಕಿದಿರಿ ಎಂದರೆ, ನಾನು ಎರಡು ಸಲ ಕೇಳಿದೆನಲ್ಲ ಎಂದರು. ಆ ಬಳಿಕ ಹದಿನೈದು ದಿನ ಕೂತು ನಲವತ್ತನ್ನೂ ಸಾಲುಸಾಲಾಗಿ ತಿದ್ದಿದೆ. ಷಡ್ಡಕನನ್ನೆಲ್ಲ ಹುಡುಕಿ ತೆಗೆದು ಶಟಲ್ ಹಾಕಿದೆ. ಸಿಹಿ ಹಂಚುವ ಸಾಲನ್ನು ಅಳಿಸಿದೆ. ನನ್ನ ಭಾಷಣಗಳನ್ನು ಅಳಿಸುವಾಗ ಮಾತ್ರ ಕರುಳು ಚುರುಕ್ಕೆಂದಿತು. ಆದರೆ ಅವು ಹೋದ ಮೇಲೆ ಪುಟ ಇನ್ನಷ್ಟು ಗಟ್ಟಿಯಾಗಿ ಮೊದಲನೇ ಸ್ಥಾನದಲ್ಲಿ ಕೂತಿತು.

ಈಗ ಹೊಸ ವಿಡಿಯೋಗಳಲ್ಲಿ ಕುರ್ಚಿಯಲ್ಲಿ ಕೂರುವವಳು ಅವಳು. ಸ್ಟೂಲಿನಲ್ಲಿ ಕೂತು ಫೋನ್ ಹಿಡಿಯುವವನು ನಾನು. ಷಡ್ಡಕ ಪಕ್ಕದಲ್ಲಿ ನಿಂತು ಸ್ಕ್ರೂಡ್ರೈವರ್ ಕೊಡುತ್ತಾನೆ. ಅವಳಿಗೆ ಸಹಾಯವಾಗಲೆಂದು ನಾನು ಫೋನಿನ ಹಿಂದಿನಿಂದ ನಡುನಡುವೆ ನಾಲ್ಕು ಒಳ್ಳೆಯ ಮಾತು ಸೇರಿಸುತ್ತಿರುತ್ತೇನೆ. ಶಟಲ್ಲಿನ ಚರಿತ್ರೆ, ಸೂಜಿಯ ಮಹಿಮೆ, ಇಂಥವು.

ಕಳೆದ ವಾರ ಹೊಸ ವಿಡಿಯೋದ ಬರಹವನ್ನು ತಿದ್ದಲು ತೆರೆದೆ. ಮಾತುಗಾರ ೧ ಎಂದು ಹೆಂಡತಿ ಇದ್ದಳು, ಅದು ನ್ಯಾಯವೇ. ಇಡೀ ವಿಡಿಯೋದಲ್ಲಿ ಮೂರು ಸಲ "ಹ್ಞೂಂ ಅಕ್ಕ" ಎಂದದ್ದು ಬಿಟ್ಟರೆ ಬೇರೇನೂ ಆಡದ ಷಡ್ಡಕ ಮಾತುಗಾರ ೨ ಆಗಿದ್ದ! ಎಲ್ಲರಿಗಿಂತ ಹೆಚ್ಚು ಮಾತಾಡಿದವನು ನಾನು. ನನ್ನ ಹೆಸರಿನ ಅಂಕಿ ಎಲ್ಲೂ ಇಲ್ಲ. ನಾನು ಬಾಯಿ ತೆರೆದಿದ್ದ ಕಡೆಯಲ್ಲೆಲ್ಲ ಸಾಫ್ಟ್‌ವೇರ್ ಚೌಕ ಕಂಸದೊಳಗೆ ಎರಡೇ ಪದ ಬರೆದಿತ್ತು: [ಹಿನ್ನೆಲೆ ಗದ್ದಲ]. ಹದಿನಾಲ್ಕು ಕಡೆ.

ಹೊಟ್ಟೆ ಮತ್ತೆ ಭಗ್ಗೆಂದಿತು. ಇವತ್ತೇ ಇದನ್ನು ತಿದ್ದಿ ಮಾತುಗಾರ ೩ ಎಂದಾದರೂ ಹಾಕುತ್ತೇನೆ ಎಂದು ಎದ್ದೆ. ಹೆಂಡತಿ ನನ್ನ ಭುಜದ ಮೇಲಿನಿಂದ ಬಗ್ಗಿ, ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದಳು.

"ತಿದ್ದಬೇಡಿ ರೀ" ಎಂದಳು. "ಈ ಸಲ ಅದು ಸರಿಯಾಗೇ ಕೇಳಿಸ್ಕೊಂಡಿದೆ."